ಅತಿಮಧುರಕ್ಕೆ ಅಗ್ರಸ್ಥಾನವಿತ್ತ ವೈದ್ಯ ಲೀ ಷಿಜೆನ್

ಪ್ರತಿವರ್ಷ ಅಕ್ಟೋಬರ್ 18ರಂದು ಧರ್ಮಸಭೆಯು ಶುಭಸಂದೇಶಕಾರರಾದ ಸಂತ ಲೂಕರ ಹಬ್ಬವನ್ನು ಆಚರಿಸುತ್ತದೆ. ಸಂತ ಪೌಲರು ಕೊಲೊಸ್ಸೆಯ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಲೂಕರನ್ನು ವೈದ್ಯರೆಂದು ಪ್ರೀತಿಯಿಂದ ನೆನೆದಿರುವುದರಿಂದ ಅವರು ವೈದ್ಯವೃತ್ತಿಯವರೆಲ್ಲರ ಪಾಲಕ ಸಂತರೆನಿಸಿದ್ದಾರೆ. ಈ ಹಬ್ಬವನ್ನು ನಿಮಿತ್ತ ಮಾಡಿಕೊಂಡು, ಕ್ರೈಸ್ತರಲ್ಲದ, ನಮ್ಮ ನಾಡಿನವರೂ ಅಲ್ಲದ ಒಬ್ಬ ವೈದ್ಯರ ಜೀವನವನ್ನು ಓದುಗರ ಮುಂದಿಡಲು ನಾವು ಬಯಸುತ್ತೇವೆ. ಅವರು 16ನೆಯ ಶತಮಾನದ ಚೀನಾದಲ್ಲಿ ಬಾಳಿದ ಲೀ ಷಿಜೆನ್. ಸತ್ಯವನ್ನು ಹುಡುಕುವುದೂ ನೆರೆಯವನನ್ನು ಪ್ರೀತಿಸುವುದೂ ಬೇರೆ ಬೇರೆ ಕೆಲಸಗಳಲ್ಲವೆಂಬುದನ್ನು ಅವರಷ್ಟು ತಾಳ್ಮೆಯಿಂದ ಬಾಳಿ ತೋರಿಸಿದವರು ವಿರಳ.

ಅವರನ್ನು ಅರಿಯಲು ಒಂದು ಬೇರಿನಿಂದ ಆರಂಭಿಸುವುದು ಸುಲಭ. ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿ ದೊರೆಯುವ ಜ್ಯೇಷ್ಠಮಧುವನ್ನು ಅರಿಯದ ಮನೆಗಳು ಕಡಿಮೆ. ಅತಿಮಧುರವೆಂದೂ ಯಷ್ಟಿಮಧುವೆಂದೂ ಅದಕ್ಕೆ ಹೆಸರುಗಳಿವೆ. ಹೊರಗೆ ಕಂದು, ಒಳಗೆ ಹಳದಿ, ಬಾಯಿಗಿಟ್ಟರೆ ಸಕ್ಕರೆಯನ್ನು ಮೀರಿಸುವ ಸಿಹಿ. ಇದೇ ಕುಲದ ಸಸ್ಯವೊಂದು ಚೀನಾದ ಉತ್ತರ ಮತ್ತು ವಾಯವ್ಯ ಭಾಗದ ಒಣ ಮರಳುಭೂಮಿಯಲ್ಲಿ ಆಳವಾಗಿ ಬೇರುಬಿಟ್ಟು ಬೆಳೆಯುತ್ತದೆ. ಚೀನೀಯರು ಅದನ್ನು ಗಾನ್ ತ್ಸಾವೊ, ಎಂದರೆ ಸಿಹಿಮೂಲಿಕೆ, ಎಂದು ಕರೆಯುತ್ತಾರೆ. ಲೀ ಷಿಜೆನ್ ತಮ್ಮ ಮಹಾಗ್ರಂಥದಲ್ಲಿ ಮೂಲಿಕೆಗಳ ವಿಭಾಗವನ್ನು ಆರಂಭಿಸುವಾಗ ಮೊದಲ ಸ್ಥಾನವನ್ನು ಕೊಟ್ಟದ್ದು ಇದಕ್ಕೆ. ರಾಜರು ಬಯಸುತ್ತಿದ್ದ, ಬಂಗಾರದ ಬೆಲೆಯ ಜಿನ್ಸೆಂಗ್ ಬೇರು ಅದೇ ಸಂಪುಟದಲ್ಲಿ ಇದರ ಹಿಂದೆ ನಿಲ್ಲುತ್ತದೆ.

ಲೀ ಷಿಜೆನ್ 1518ರಲ್ಲಿ, ಮಿಂಗ್ ವಂಶದ ಆಳ್ವಿಕೆಯಲ್ಲಿ, ಈಗಿನ ಹುಬೇ ಪ್ರಾಂತದ ಚೀಜೌ ಎಂಬ ಊರಿನಲ್ಲಿ ಜನಿಸಿದರು. ಯಾಂಗ್ಸಿ ಮಹಾನದಿಗೆ ಸಮೀಪದ ಕೆರೆಗಳ ಸೀಮೆಯದು. ಅವರ ಅಜ್ಜ ಕೈಯಲ್ಲೊಂದು ಗಂಟೆ ಹಿಡಿದು ಊರೂರು ಅಲೆದು ಚಿಕಿತ್ಸೆ ಮಾಡುತ್ತಿದ್ದ ಸಂಚಾರಿ ವೈದ್ಯರು. ತಂದೆ ಲೀ ಯಾನ್‌ವೆನ್ ಊರಲ್ಲೇ ನೆಲೆಸಿ ಹೆಸರು ಗಳಿಸಿದ ವೈದ್ಯರು. ಜಿನ್ಸೆಂಗ್ ಕುರಿತೂ ಆ ಸೀಮೆಯ ಮಾಚಿಪತ್ರೆಯ ಜಾತಿಯ ಗಿಡವೊಂದನ್ನು ಕುರಿತೂ ಪುಸ್ತಕಗಳನ್ನು ಬರೆದವರು. ಆದರೂ ಅಂದಿನ ಸಮಾಜದಲ್ಲಿ ವೈದ್ಯರಿಗೆ ವಿದ್ವಾಂಸ ಅಧಿಕಾರಿಗಳ ಪಂಕ್ತಿಯಲ್ಲಿ ಸ್ಥಾನವಿರಲಿಲ್ಲ. ಗೌರವ, ಅಧಿಕಾರ, ಸಂಪತ್ತುಗಳಿಗೆಲ್ಲ ಒಂದೇ ಬಾಗಿಲು: ಸರಕಾರದ ಶಾಸ್ತ್ರಪರೀಕ್ಷೆ. ಮಗ ಆ ಬಾಗಿಲನ್ನು ದಾಟಬೇಕೆಂಬುದು ತಂದೆಯ ಹಂಬಲ.

ಬಾಲಕ ಮೊದಲ ಮೆಟ್ಟಿಲನ್ನು 14ರ ಹರೆಯದಲ್ಲಿಯೇ ಏರಿದ. ಮುಂದಿನದು ಪ್ರಾಂತದ ಮಟ್ಟದ ಪರೀಕ್ಷೆ. ಮೂರು ವರ್ಷಗಳಿಗೊಮ್ಮೆ ವುಚಾಂಗ್ ನಗರದಲ್ಲಿ ನಡೆಯುತ್ತಿತ್ತು. ಲೀ ಷಿಜೆನ್ 1534ರಲ್ಲಿ ಕುಳಿತರು, ತೇರ್ಗಡೆಯಾಗಲಿಲ್ಲ. 1537ರಲ್ಲಿ ಮತ್ತೆ ಕುಳಿತರು, ಆಗಲೂ ಇಲ್ಲ. 1540ರಲ್ಲಿ ಮೂರನೆಯ ಸಲವೂ ಅದೇ ಫಲ. ಇಂದು ನಮ್ಮ ಮನೆಗಳಲ್ಲಿ ಪರೀಕ್ಷೆಯ ಫಲಿತಾಂಶ ಬಂದ ದಿನ ಮಕ್ಕಳ ಮುಖವನ್ನೂ ಹೆತ್ತವರ ಮುಖವನ್ನೂ ನೋಡಿದವರಿಗೆ ಆ ಮನೆಯ ಮೌನ ಹೇಗಿದ್ದಿರಬೇಕೆಂದು ವಿವರಿಸಬೇಕಾಗಿಲ್ಲ.

ಈ ಸೋಲುಗಳ ನಡುವೆ, ಸುಮಾರು 20ನೆಯ ವಯಸ್ಸಿನಲ್ಲಿ, ಅವರಿಗೆ ಕಠಿಣವಾದ ಕಾಯಿಲೆ ಬಂದಿತು. ಮೊದಲು ಕೆಮ್ಮು; ಬಳಿಕ ಮೈಯೆಲ್ಲ ಬೆಂಕಿಯಂತೆ ಸುಡುವ ಜ್ವರ. ತಾವೇ ಆರಿಸಿಕೊಂಡ ಔಷಧಿಗಳನ್ನು ಒಂದು ತಿಂಗಳಿಗೂ ಮಿಕ್ಕಿ ಸೇವಿಸಿದರೂ ರೋಗ ಉಲ್ಬಣಿಸಿತೇ ವಿನಾ ಇಳಿಯಲಿಲ್ಲ. ನೋಡಿದವರೆಲ್ಲರೂ ಬದುಕುವ ಆಸೆ ಬಿಟ್ಟರು. ಆಗ ತಂದೆಗೆ ಮೂರು ಶತಮಾನ ಹಿಂದಿನ ವೈದ್ಯರಾದ ಲೀ ದೊಂಗ್‌ಯುವಾನ್ ಅವರ ಒಂದು ಯೋಗ ನೆನಪಾಯಿತು. ಹುವಾಂಗ್ ಚಿನ್ ಎಂಬ ಒಂದೇ ಒಂದು ಬೇರಿನ ಕಷಾಯವದು. ಅದನ್ನು ಕುಡಿಸಿದ ಮರುದಿನವೇ ಜ್ವರ ಇಳಿಯಿತು. ಕೆಮ್ಮು ಕಫಗಳು ಕ್ರಮೇಣ ಶಮನವಾದವು. ಔಷಧಿ ರೋಗಕ್ಕೆ ಸರಿಹೊಂದಿದಾಗ ಅದರ ಫಲ ಎಷ್ಟು ಬೆರಗಿನದೆಂಬುದನ್ನು ಆ ಯುವಕ ತನ್ನ ಶರೀರದಲ್ಲಿಯೇ ಅನುಭವಿಸಿದ. ಮುಂದೆ ತಮ್ಮ ಗ್ರಂಥದಲ್ಲಿ ಆ ಬೇರಿನ ಪ್ರಕರಣಕ್ಕೆ ಬಂದಾಗ ಲೀ ಷಿಜೆನ್ ಈ ಘಟನೆಯನ್ನು ಮರೆಯದೆ ದಾಖಲಿಸಿದ್ದಾರೆ.

ಮೂರನೆಯ ಸೋಲಿನ ಬಳಿಕ ಅವರು ಪರೀಕ್ಷೆಯ ಹಾದಿಯನ್ನು ಬಿಟ್ಟು ತಂದೆಯ ಬಳಿ ವೈದ್ಯವಿದ್ಯೆಗೆ ಕುಳಿತರು. ಕೆಲವೇ ವರ್ಷಗಳಲ್ಲಿ ದೂರದೂರದ ರೋಗಿಗಳು ಬಾಗಿಲಿಗೆ ಬರತೊಡಗಿದರು. ಅನೇಕರಿಂದ ಅವರು ಹಣ ಪಡೆಯುತ್ತಿರಲಿಲ್ಲವೆಂದು ಅವರ ಚರಿತ್ರಕಾರರು ಬರೆದಿದ್ದಾರೆ. ಹೀಗೆ ನಿತ್ಯವೂ ರೋಗಿಗಳ ನಡುವೆ ಇದ್ದುದರಿಂದಲೇ ಅವರಿಗೆ ಒಂದು ಭಯಂಕರ ಸಂಗತಿ ಗೋಚರಿಸಿತು. ವೈದ್ಯರು ವೇದದಂತೆ ನಂಬಿಕೊಂಡಿದ್ದ ಮೂಲಿಕಾ ಗ್ರಂಥಗಳಲ್ಲಿ ತಪ್ಪುಗಳು ತುಂಬಿದ್ದವು. ಒಂದೇ ಗಿಡಕ್ಕೆ ಎರಡು ಹೆಸರಿದ್ದರೆ ಅದನ್ನು ಎರಡು ಗಿಡಗಳೆಂದು ಬರೆದಿದ್ದರು. ಎರಡು ಬೇರೆ ಗಿಡಗಳನ್ನು ಒಂದೇ ಎಂದು ಬೆರೆಸಿದ್ದರು. ಬಲವರ್ಧಕವಾದ ಹುವಾಂಗ್ ಜಿಂಗ್ ಎಂಬ ಗೆಡ್ಡೆಯ ವಿವರಣೆಯಲ್ಲಿ, ತಿಂದವರನ್ನು ಕೊಲ್ಲುವ ಗೌ ವೆನ್ ಎಂಬ ವಿಷಸಸ್ಯದ ಹೆಸರು ಸೇರಿಕೊಂಡು ಗೊಂದಲ ಹುಟ್ಟಿಸಿತ್ತು. ವಿದ್ವಾಂಸನ ಕೈಯಲ್ಲಿ ಅದು ಬರೀ ಅಕ್ಷರದೋಷ. ರೋಗಿಯ ಹೊಟ್ಟೆಯಲ್ಲಿ ಅದೇ ಮರಣ.

ಇಲ್ಲಿಂದಲೇ ಲೀ ಷಿಜೆನ್ ಅವರ ನಿಜವಾದ ಕರೆ ಆರಂಭವಾಯಿತೆಂದು ನಾವು ತಿಳಿಯುತ್ತೇವೆ. 1552ರಲ್ಲಿ, ಮೂವತ್ತರ ಮಧ್ಯದ ವಯಸ್ಸಿನಲ್ಲಿ, ಎಲ್ಲ ಔಷಧದ್ರವ್ಯಗಳನ್ನೂ ಮೊದಲಿನಿಂದ ಪರಿಶೀಲಿಸಿ ಬರೆಯುವ ಕಾರ್ಯಕ್ಕೆ ಅವರು ಕೈಹಾಕಿದರು. ಆ ಕೆಲಸ ಮುಗಿದದ್ದು 1578ರಲ್ಲಿ; ಆಗ ಅವರಿಗೆ 60 ವರ್ಷ. ಈ ಅವಧಿಯಲ್ಲಿ ಮೂರು ಬಾರಿ ಇಡೀ ಗ್ರಂಥವನ್ನು ತಿದ್ದಿ ಬರೆದರು; 800ಕ್ಕೂ ಮಿಕ್ಕಿದ ಪುಸ್ತಕಗಳನ್ನು ಅಭ್ಯಸಿಸಿದರು.

ನಡುವೆ ಲೋಕದ ಗೌರವ ತಾನಾಗಿಯೇ ಬಾಗಿಲಿಗೆ ಬಂದಿತು. ವುಚಾಂಗ್‌ನಲ್ಲಿದ್ದ ಚೂ ಎಂಬ ಪದವಿಯ ರಾಜಪುತ್ರನು ಅವರನ್ನು ತನ್ನ ಆಸ್ಥಾನಕ್ಕೆ ಕರೆಸಿ ವೈದ್ಯಶಾಲೆಯ ಮೇಲ್ವಿಚಾರಣೆ ವಹಿಸಿದನು. ಸೆಳವಿನಿಂದ ಪ್ರಜ್ಞೆ ತಪ್ಪಿದ್ದ ಅವನ ಮಗನನ್ನು ಲೀ ಷಿಜೆನ್ ಬದುಕಿಸಿದರು. ಅಲ್ಲಿಂದ ಅವರ ಹೆಸರು ರಾಜಧಾನಿಯಾದ ಬೀಜಿಂಗ್‌ಗೆ ತಲುಪಿ, ಚಕ್ರವರ್ತಿಯ ವೈದ್ಯಾಲಯದಲ್ಲಿ ಉನ್ನತ ಹುದ್ದೆ ದೊರೆಯಿತು. ಪರೀಕ್ಷೆಯಲ್ಲಿ ಮೂರು ಬಾರಿ ಸೋತವರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಮತ್ತೇನಿದ್ದೀತು? ಆದರೆ ಅವರು ಒಂದು ವರ್ಷವಷ್ಟೇ ಇದ್ದು, ಅನುಮತಿ ಪಡೆದು ಊರಿಗೆ ಮರಳಿದರು.

ಅಂದಿನ ಆಸ್ಥಾನ ಎಂಥದೆಂಬುದನ್ನು ಇಲ್ಲಿ ತಿಳಿಯಬೇಕು. 1521ರಿಂದ 1567ರವರೆಗೆ ಆಳಿದ ಜ್ಯಾಜಿಂಗ್ ಚಕ್ರವರ್ತಿಗೆ ಅಮರನಾಗುವ ಹುಚ್ಚು ಹಿಡಿದಿತ್ತು. ಪಾದರಸ, ಸೀಸ ಮೊದಲಾದವುಗಳಿಂದ ಮಾಡಿದ ಗುಳಿಗೆಗಳನ್ನು ಅಮೃತವೆಂದು ಕೊಡುವವರು ಅವನ ಸುತ್ತ ನೆರೆದಿದ್ದರು. ಅಂಥ ಸೇವನೆಯೇ ಅವನ ಮರಣಕ್ಕೆ ದಾರಿಯಾಯಿತೆಂಬುದು ಅನೇಕ ಇತಿಹಾಸಕಾರರ ಅಭಿಪ್ರಾಯ. ಪಾದರಸ ಘೋರ ವಿಷವೆಂದೂ, ಪ್ರಾಣದಾಸೆಯಿಂದ ಅದನ್ನು ನುಂಗಿ ಅಂಗವಿಕಲರಾದವರೂ ಸತ್ತವರೂ ಲೆಕ್ಕವಿಲ್ಲದಷ್ಟು ಮಂದಿಯೆಂದೂ ಲೀ ಷಿಜೆನ್ ತಮ್ಮ ಗ್ರಂಥದಲ್ಲಿ ಸ್ಪಷ್ಟವಾಗಿ ಬರೆದರು. ಪ್ರಾಚೀನ ಗ್ರಂಥವೇ ಅದನ್ನು ಹೊಗಳಿದ್ದರೂ ಅವರು ಹಿಂಜರಿಯಲಿಲ್ಲ. ರಾಜರ ರುಚಿಗೆ ವಿರುದ್ಧವಾದ ಸತ್ಯವನ್ನು ಬರೆಯುವುದು ಆ ಕಾಲದಲ್ಲಿ ಸಣ್ಣ ಮಾತಾಗಿರಲಿಲ್ಲ.

ಊರಿಗೆ ಮರಳಿದ ಮೇಲೆ ಪುಸ್ತಕದ ಜೊತೆಗೆ ಕಾಡುಮೇಡುಗಳೂ ಅವರ ಪಾಠಶಾಲೆಯಾದವು. ಶಿಷ್ಯ ಪಾಂಗ್ ಶಿಯೆನ್ ಅವರಿಗೆ ನೆರವಾದರು. ರೈತರು, ಬೆಸ್ತರು, ಸೌದೆ ಕಡಿಯುವವರು, ಬೇಟೆಗಾರರು, ಹಾವು ಹಿಡಿಯುವವರು ಅವರಿಗೆ ಗುರುಗಳಾದರು. ಚಿಪ್ಪುಹಂದಿ ಇರುವೆಗಳನ್ನು ತಿನ್ನುತ್ತದೆಂದು ಪುಸ್ತಕಗಳಲ್ಲಿ ಬರೆದಿತ್ತು. ಅವರು ಅದರ ಹೊಟ್ಟೆಯನ್ನು ಸೀಳಿ ನೋಡಿ, ಒಳಗೆ ಸೇರಿನಷ್ಟು ಇರುವೆಗಳಿದ್ದುದನ್ನು ಕಂಡು ದೃಢಪಡಿಸಿಕೊಂಡರು. ನಮ್ಮಲ್ಲಿ ಉಮ್ಮತ್ತಿಯೆಂದು ಕರೆಯುವ ಗಿಡದ ಜಾತಿಯ ಹೂವನ್ನು ಮದ್ಯದಲ್ಲಿ ಬೆರೆಸಿ ಕುಡಿದರೆ ಮನುಷ್ಯ ತನ್ನ ಸ್ವಾಧೀನ ತಪ್ಪುತ್ತಾನೆಂಬ ಮಾತನ್ನು ಪ್ರಯೋಗ ಮಾಡಿಯೇ ಪರೀಕ್ಷಿಸಿದರು. ಕುರುಗಳನ್ನು ಕೊಯ್ಯುವಾಗ ನೋವು ತಿಳಿಯದಂತೆ ಮಾಡಲು ಅದರ ಉಪಯೋಗವನ್ನೂ ಬರೆದಿಟ್ಟರು. ಎಲ್ಲದರಲ್ಲಿಯೂ ಅವರು ತಪ್ಪದೆ ನಡೆದರೆಂದಲ್ಲ. ಕೊಳೆತ ಹುಲ್ಲಿನಿಂದ ಮಿಂಚುಹುಳು ಹುಟ್ಟುತ್ತದೆಂಬ ಹಳೆಯ ನಂಬಿಕೆ ಅವರ ಪುಟಗಳಲ್ಲಿಯೂ ಉಳಿದಿದೆ. ಆದರೆ ಪರೀಕ್ಷಿಸದೆ ನಂಬಬಾರದೆಂಬ ನಿಯಮವನ್ನು ಅವರೇ ಮುಂದಿನವರ ಕೈಗಿತ್ತರು.

ಅವರ ಗ್ರಂಥದ ಹೆಸರು ಬೆನ್ ತ್ಸಾವೊ ಗಾಂಗ್ ಮು; ಔಷಧದ್ರವ್ಯಗಳ ವರ್ಗೀಕೃತ ಸಂಗ್ರಹವೆಂದು ಅದನ್ನು ಕನ್ನಡದಲ್ಲಿ ಕರೆಯಬಹುದು. 52 ಸಂಪುಟಗಳು, 1,892 ದ್ರವ್ಯಗಳು, 11,096 ಔಷಧಯೋಗಗಳು, ಸಾವಿರಕ್ಕೂ ಹೆಚ್ಚು ಚಿತ್ರಗಳು. ಇವುಗಳಲ್ಲಿ 374 ದ್ರವ್ಯಗಳು ಅವರೇ ಹೊಸದಾಗಿ ಸೇರಿಸಿದವು. ಚಿತ್ರ ಬರೆಯುವುದರಲ್ಲಿ ಮಕ್ಕಳು ಕೈಗೂಡಿಸಿದರು. ಹಿಂದಿನವರು ದ್ರವ್ಯಗಳನ್ನು ಮೇಲು, ಮಧ್ಯಮ, ಕೀಳು ಎಂಬ ಮೂರು ದರ್ಜೆಗಳಲ್ಲಿ ಇಟ್ಟಿದ್ದರು. ಲೀ ಷಿಜೆನ್ ನೀರು, ಬೆಂಕಿ, ಮಣ್ಣುಗಳಿಂದ ಆರಂಭಿಸಿ, ಲೋಹ ಮತ್ತು ಕಲ್ಲು, ಮೂಲಿಕೆ, ಧಾನ್ಯ, ತರಕಾರಿ, ಹಣ್ಣು, ಮರ ಎಂದು ಏರುತ್ತ, ಕ್ರಿಮಿಕೀಟ, ಮೀನು, ಹಕ್ಕಿ, ಮೃಗಗಳನ್ನು ದಾಟಿ ಕೊನೆಗೆ ಮನುಷ್ಯನಲ್ಲಿಗೆ ಬಂದು ನಿಲ್ಲುತ್ತಾರೆ. ಸೆಮಿನರಿಯಲ್ಲಿ ತತ್ವಶಾಸ್ತ್ರ ಓದಿದ ನಮಗೆ ಸೃಷ್ಟಿಯ ಸೋಪಾನಗಳನ್ನು ಕುರಿತು ಕಲಿತ ಪಾಠ ಇಲ್ಲಿ ನೆನಪಾಗದಿರದು.

ಒಂದೊಂದು ದ್ರವ್ಯಕ್ಕೂ ಅವರು ಅನುಸರಿಸಿದ ಕ್ರಮ ಗಮನಾರ್ಹ. ಹೆಸರುಗಳ ವಿವರಣೆ, ಬೆಳೆಯುವ ಸ್ಥಳ ಮತ್ತು ರೂಪ, ಶುದ್ಧಿ ಮಾಡುವ ವಿಧಾನ, ಗುಣ ಮತ್ತು ರುಚಿ, ವಾಸಿಮಾಡುವ ರೋಗಗಳು, ತಮ್ಮ ವಿಮರ್ಶೆ, ಔಷಧಯೋಗಗಳು ಇವೆಲ್ಲ ಒಂದೊಂದು ಶೀರ್ಷಿಕೆಯಡಿ ಬರುತ್ತವೆ. ಅಗತ್ಯವಿದ್ದಲ್ಲಿ ಹಿಂದಿನವರ ತಪ್ಪುಗಳ ತಿದ್ದುಪಡಿಗೂ ಪ್ರತ್ಯೇಕ ಶೀರ್ಷಿಕೆಯಿದೆ. ಈ ಕೆಲಸ ಹೊರಗಿಂದ ವೈದ್ಯರದೆಂದು ಕಂಡರೂ ನಿಜವಾಗಿ ವಸ್ತುಗಳ ಸ್ವರೂಪವನ್ನು ಅರಸುವ ಕನ್ಫ್ಯೂಷಿಯಸ್ ಪರಂಪರೆಯ ಜ್ಞಾನಸಾಧನೆಯೇ ಎಂದು ಅವರು ಭಾವಿಸಿದ್ದರು. ಮನಸ್ಸಿನ ತಿಳುವಳಿಕೆ ವಸ್ತುವಿನ ಇರವಿಗೆ ಹೊಂದಿಕೊಳ್ಳುವುದೇ ಸತ್ಯವೆಂದು ನಮ್ಮ ಸಂತ ತೋಮಾಸ್ ಅಕ್ವಿನಾಸರು ಬೋಧಿಸಿದರು. ಅವರ ಗುರುಗಳಾದ ಸಂತ ಮಹಾ ಆಲ್ಬರ್ಟರು ಗಿಡಮರಗಳನ್ನು ಕುರಿತೇ ಒಂದು ದೊಡ್ಡ ಗ್ರಂಥ ಬರೆದವರು. ಒಬ್ಬರನ್ನೊಬ್ಬರು ಅರಿಯದ ಎರಡು ಲೋಕಗಳ ಈ ಜ್ಞಾನಿಗಳು, ವಸ್ತುವಿನ ಎದುರು ವಿನಯದಿಂದ ತಲೆಬಾಗುವುದರಲ್ಲಿ ಒಂದೇ ಮನೆಯವರಂತೆ ಕಾಣುತ್ತಾರೆ.

ಆ ವಿನಯ ಎಂಥದೆಂದು ಗಾನ್ ತ್ಸಾವೊ ಪ್ರಕರಣದಲ್ಲಿ ಚೆನ್ನಾಗಿ ಕಾಣಬಹುದು. ಚೀನೀ ವೈದ್ಯದಲ್ಲಿ ಒಂದೇ ಮೂಲಿಕೆಯನ್ನು ಕೊಡುವುದು ಕಡಿಮೆ. ಹಲವನ್ನು ಕೂಡಿಸಿ ಕಷಾಯ ಮಾಡುವುದು ವಾಡಿಕೆ. ಕಷಾಯದ ದ್ರವ್ಯಗಳಿಗೆ ಒಂದು ರಾಜ್ಯದಲ್ಲಿರುವಂತೆ ಅರಸ, ಮಂತ್ರಿ, ಸಹಾಯಕ, ದೂತ ಎಂಬ ನಾಲ್ಕು ಸ್ಥಾನಗಳಿವೆ. ಮುಖ್ಯ ರೋಗವನ್ನು ಎದುರಿಸುವುದು ಅರಸ. ಅತಿಮಧುರ ಬಹುಮಟ್ಟಿಗೆ ನಿಲ್ಲುವುದು ಕೊನೆಯ ದೂತನ ಸ್ಥಾನದಲ್ಲಿ. ಎರಡನೆಯ ಶತಮಾನದ ಕೊನೆಯಲ್ಲಿ ಬಾಳಿದ ಮಹಾವೈದ್ಯ ಜಾಂಗ್ ಜೊಂಗ್‌ಜಿಂಗ್ ಅವರು ಜ್ವರಗಳನ್ನು ಕುರಿತು ಬರೆದ ಗ್ರಂಥದ ನೂರಕ್ಕೂ ಹೆಚ್ಚು ಯೋಗಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಈ ಬೇರು ಇದೆ. ಹಿಂದಿನವರು ಇದಕ್ಕೆ ರಾಜ್ಯದ ಹಿರಿಯನೆಂಬ ಬಿರುದನ್ನೇ ಕೊಟ್ಟಿದ್ದರು. ಸಿಂಹಾಸನದಲ್ಲಿ ಕೂರದಿದ್ದರೂ ಅರಸನೂ ಮಾತು ಕೇಳುವ ಹಿರಿಯ.

ಇದರ ಕೆಲಸವೇನು? ಶುಂಠಿ, ವತ್ಸನಾಭಿಯ ಜಾತಿಯ ಬೇರು ಮೊದಲಾದ ಉಷ್ಣದ್ರವ್ಯಗಳ ಜೊತೆ ಸೇರಿದಾಗ ಅವುಗಳ ಉಗ್ರತೆಯನ್ನು ತಗ್ಗಿಸುತ್ತದೆ. ರೇವಲ್ಚಿನ್ನಿಯಂಥ ಭೇದಿಯ ಮದ್ದಿನ ಜೊತೆ ಸೇರಿದಾಗ ಅದು ರೋಗಿಯನ್ನು ಬಳಲಿಸದಂತೆ ವೇಗವನ್ನು ನಿಧಾನಗೊಳಿಸುತ್ತದೆ. ಬಿಸಿಯೂ ತಂಪೂ ಒಂದೇ ಕಷಾಯದಲ್ಲಿದ್ದಾಗ ಜಗಳವಾಗದಂತೆ ನೋಡಿಕೊಳ್ಳುತ್ತದೆ. ಒಂಟಿಯಾಗಿ ಕೊಟ್ಟಾಗ ಗಂಟಲುನೋವನ್ನು ಶಮನ ಮಾಡುತ್ತದೆ. ಪಿಯೋನಿ ಗಿಡದ ಬೇರಿನೊಡನೆ ಕೊಟ್ಟಾಗ ಕಾಲಿನ ಸೆಡೆತವನ್ನು ಸಡಿಲಿಸುತ್ತದೆ. ಹಸಿಯಾಗಿ ಬಳಸಿದರೆ ತಂಪು. ಜೇನಿನಲ್ಲಿ ಹುರಿದು ಬಳಸಿದರೆ ಜಠರಕ್ಕೂ ಹೃದಯಕ್ಕೂ ಬಲವೆಂದು ಆ ಪರಂಪರೆ ಹೇಳುತ್ತದೆ. ವಿಷ ತಿಂದವರಿಗೂ ಇದನ್ನು ಕೊಡುತ್ತಿದ್ದರು. ಇವೆಲ್ಲವನ್ನೂ ಕಲೆಹಾಕಿದ ಲೀ ಷಿಜೆನ್, ಎಲ್ಲ ಬಗೆಯ ದ್ರವ್ಯಗಳನ್ನೂ ಹೊಂದಿಸಿಕೊಂಡು ಹೋಗುವ ಇದನ್ನು ಔಷಧಿಗಳ ನಡುವಿನ ಸನ್ಮಂತ್ರಿಗೆ ಹೋಲಿಸಿದರು. ಜಗದ್ಗುರುಗಳು ತಮ್ಮನ್ನು ದೇವರ ಸೇವಕರ ಸೇವಕರೆಂದು ಕರೆದುಕೊಳ್ಳುವ ನಮ್ಮ ಪರಂಪರೆಯವರಿಗೆ ಈ ಹೋಲಿಕೆಯ ಅರ್ಥ ಬೇಗ ಮನಮುಟ್ಟುತ್ತದೆ.

ಹಾಗೆಂದು ಅವರು ಈ ಬೇರನ್ನು ಬರೀ ಹೊಗಳಿ ಬಿಡಲಿಲ್ಲ. ಹೊಟ್ಟೆಯುಬ್ಬರವಿದ್ದವರಿಗೆ, ವಾಂತಿಯಾಗುತ್ತಿರುವವರಿಗೆ, ಕುಡಿತಕ್ಕೆ ಬಿದ್ದವರಿಗೆ ಇದು ಒಗ್ಗದೆಂಬ ಎಚ್ಚರಿಕೆ ಅವರ ಗ್ರಂಥದಲ್ಲಿದೆ. ಗಾನ್ ಸುಯ್, ದಾ ಜಿ, ಯುವಾನ್ ಹುವಾ ಎಂಬ ಮೂರು ಉಗ್ರ ಮೂಲಿಕೆಗಳಿಗೂ ಒಂದು ಬಗೆಯ ಕಡಲಪಾಚಿಗೂ ಇದು ವಿರೋಧಿಯೆಂಬ ಹಳೆಯ ನಿಯಮವನ್ನು ಅವರು ಉಲ್ಲೇಖಿಸಿದ್ದಾರೆ. ಗಳಗಂಡದ ಚಿಕಿತ್ಸೆಗೆ ಹಿಂದಿನ ಮಹಾವೈದ್ಯರು ಕಡಲಪಾಚಿಯನ್ನೂ ಅತಿಮಧುರವನ್ನೂ ಬೇಕೆಂದೇ ಕೂಡಿಸಿ ಕೊಟ್ಟದ್ದುಂಟೆಂದೂ, ಸೂಕ್ಷ್ಮವನ್ನು ಪೂರ್ಣವಾಗಿ ಅರಿಯದವರು ಅದಕ್ಕೆ ಕೈಹಾಕಬಾರದೆಂದೂ ಜೊತೆಗೇ ಬರೆದಿದ್ದಾರೆ. ಎಲ್ಲರೊಡನೆ ಹೊಂದುವ ಹಿರಿಯನಿಗೂ ಹೊಂದದ ಕೆಲವರಿದ್ದಾರೆ. ಸಿಹಿಗೂ ಒಂದು ಮಿತಿಯಿದೆ.

ಇಂದಿನ ವಿಜ್ಞಾನ ಈ ಎಚ್ಚರಿಕೆಗೆ ಮತ್ತಷ್ಟು ಬಲ ಕೊಟ್ಟಿದೆ. ಬೇರಿನ ಸಿಹಿಗೆ ಕಾರಣ ಗ್ಲಿಸಿರೈಜಿನ್ ಎಂಬ ದ್ರವ್ಯ. ಶರೀರದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಹದದಲ್ಲಿಡುವ ಕಿಣ್ವವೊಂದನ್ನು ಅದು ತಡೆಯುತ್ತದೆ. ಆದ್ದರಿಂದ ಅತಿಯಾಗಿ, ಬಹುದಿನ ಸೇವಿಸಿದರೆ ಉಪ್ಪಿನ ಅಂಶ ಮೈಯಲ್ಲಿ ಉಳಿದು ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ಹೃದಯದ ಬಡಿತಕ್ಕೂ ತೊಂದರೆಯಾಗಬಹುದು. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು, ಗರ್ಭಿಣಿಯರು, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಸೇವಿಸಬಾರದು. ನಾಡಮದ್ದಿನಿಂದ ಕೇಡಿಲ್ಲವೆಂದು ನಂಬಿರುವ ನಮ್ಮ ಹಿರಿಯರು ಈ ಮಾತನ್ನು ದಯವಿಟ್ಟು ಗಮನಿಸಬೇಕು.

ಗ್ರಂಥದ ಕೊನೆಯ ಭಾಗದ ಒಂದು ವಿಷಯವನ್ನು ಹೇಳದೆ ಮುಂದೆ ಹೋಗಲಾರೆವು. ಮನುಷ್ಯನ ಎಲುಬು, ಮಾಂಸ ಮೊದಲಾದವುಗಳನ್ನು ಔಷಧಿಯೆಂದು ಬಳಸುವ ಘೋರ ಪದ್ಧತಿ ಅಂದು ಇತ್ತು. ಆ ವಿಭಾಗಕ್ಕೆ ಬಂದಾಗ ಲೀ ಷಿಜೆನ್ ಅವರ ಬರವಣಿಗೆ ಕಟುವಾಗುತ್ತದೆ. ಮನುಷ್ಯ ಇತರ ವಸ್ತುಗಳಂತಲ್ಲ. ಬೀದಿಯಲ್ಲಿ ಬಿದ್ದ ಎಲುಬನ್ನು ಹೂಳುವುದನ್ನು ಹಿಂದಿನವರು ಪುಣ್ಯವೆಂದು ತಿಳಿದಿದ್ದರು. ಅದನ್ನೇ ಹೆಕ್ಕಿ ಮಾರುವುದು ಕರುಣೆಯ ವಿದ್ಯೆಯಾದ ವೈದ್ಯಕ್ಕೆ ತಕ್ಕುದೇ ಎಂಬುದು ಅವರ ಪ್ರಶ್ನೆಯ ತಾತ್ಪರ್ಯ. ಸತ್ತವರನ್ನು ಹೂಳುವುದನ್ನು ದಯಾಕಾರ್ಯಗಳಲ್ಲಿ ಒಂದೆಂದು ಎಣಿಸುವ ನಾವು ಈ ವೈದ್ಯರನ್ನು ಅನ್ಯರೆಂದು ಹೇಗೆ ತಾನೇ ತಿಳಿಯಬಲ್ಲೆವು?

ಗ್ರಂಥ ಮುಗಿಯಿತು, ಆದರೆ ಮುದ್ರಿಸುವವರು ದೊರೆಯಲಿಲ್ಲ. ಸುಮಾರು 20 ಲಕ್ಷ ಅಕ್ಷರಗಳನ್ನು ಮರದ ಹಲಗೆಗಳಲ್ಲಿ ಕೆತ್ತಿಸುವುದು ಅಪಾರ ಖರ್ಚಿನ ಕೆಲಸ. 1580ರಲ್ಲಿ ವೃದ್ಧ ಲೀ ಷಿಜೆನ್ ಹಸ್ತಪ್ರತಿಯನ್ನು ಹೊತ್ತು, ಅಂದಿನ ಸಾಹಿತ್ಯಲೋಕದ ಮುಂದಾಳು ವಾಂಗ್ ಷಿಜೆನ್ ಅವರನ್ನು ಕಾಣಲು ದೂರದ ತಾಯ್ ತ್ಸಾಂಗ್ ಪಟ್ಟಣಕ್ಕೆ ಹೋದರು. ಅಂಥವರ ಮುನ್ನುಡಿಯಿದ್ದರೆ ಮುದ್ರಕರು ಮುಂದೆ ಬಂದಾರೆಂಬ ಆಸೆ. ಆ ಮುನ್ನುಡಿ ಕೈಸೇರಿದ್ದು 1590ರಲ್ಲಿ, 10 ವರ್ಷ ಕಳೆದ ಮೇಲೆ. ಕೊನೆಗೆ ನಾನ್‌ಜಿಂಗ್ ನಗರದ ಹೂ ಚೆಂಗ್‌ಲಾಂಗ್ ಎಂಬ ಪ್ರಕಾಶಕರು ಕೆಲಸವನ್ನು ಕೈಗೆತ್ತಿಕೊಂಡರು. ಲೀ ಷಿಜೆನ್ 1593ರಲ್ಲಿ ತೀರಿಕೊಂಡರು. ಪುಸ್ತಕ ಹೊರಬಂದದ್ದು 1596ರಲ್ಲಿ. ಅದೇ ವರ್ಷ ಮಗ ಲೀ ಜಿಯೆನ್‌ಯುವಾನ್ ಅದನ್ನು ತಂದೆಯ ಅಂತಿಮ ನಿವೇದನೆಯೊಂದಿಗೆ ವಾನ್‌ಲೀ ಚಕ್ರವರ್ತಿಗೆ ಸಮರ್ಪಿಸಿದನು. ಚಕ್ರವರ್ತಿ ಗ್ರಂಥವನ್ನು ಓದಲು ಇರಿಸಿಕೊಂಡು, ಸಂಬಂಧಪಟ್ಟ ಇಲಾಖೆಗೆ ತಿಳಿಸಲು ಹೇಳಿದನು, ಅಷ್ಟೇ. ಬಿತ್ತಿದವನೊಬ್ಬ, ಕೊಯ್ಯುವವನು ಇನ್ನೊಬ್ಬ ಎಂಬ ಮಾತು ಇಲ್ಲಿ ಅಕ್ಷರಶಃ ನಿಜವಾಯಿತು.

ಸುಗ್ಗಿಯಂತೂ ದೊಡ್ಡದೇ ಆಯಿತು. 1603ರಲ್ಲಿ ಜಿಯಾಂಗ್‌ಶಿ ಪ್ರಾಂತದಲ್ಲಿ ಗ್ರಂಥ ಮರುಮುದ್ರಣಗೊಂಡಿತು. 1607ರಲ್ಲಿ ಜಪಾನಿನ ಆಡಳಿತದ ಸೂತ್ರಧಾರ ತೊಕುಗಾವಾ ಇಯೆಯಾಸುವಿನ ಕೈಸೇರಿತು. ಇದೇ ಕಾಲದಲ್ಲಿ ನಮ್ಮ ಧರ್ಮಸಭೆಯ ಪ್ರೇಷಿತರೂ ಚೀನಾವನ್ನು ಪ್ರವೇಶಿಸುತ್ತಿದ್ದರು. ಯೇಸುಸಭೆಯ ಗುರು ಮತ್ತೇಯೋ ರಿಚ್ಚಿ ಅವರು 1583ರಿಂದ ದಕ್ಷಿಣದ ಗುವಾಂಗ್‌ಡಾಂಗ್ ಪ್ರಾಂತದಲ್ಲಿದ್ದು, ಯಾಂಗ್ಸಿ ಕಣಿವೆಗೆ ಬಂದದ್ದು 1595ರಲ್ಲಿ. ಅಷ್ಟರಲ್ಲಿ ಲೀ ಷಿಜೆನ್ ಮಣ್ಣಾಗಿ ಎರಡು ವರ್ಷಗಳಾಗಿದ್ದವು. ಆದರೆ ರಿಚ್ಚಿಯವರ ಹಾದಿಯಲ್ಲಿ ನಡೆದವರು ಈ ವಿದ್ಯೆಯನ್ನು ಗೌರವದಿಂದ ಕಲಿತರು. ಪೋಲೆಂಡಿನ ಯೇಸುಸಭೆಯ ಗುರು ಮಿಖಾಯಿಲ್ ಬೊಯಿಮ್ ಅವರು ಚೀನಾದ ಸಸ್ಯಗಳನ್ನು ಕುರಿತ ಪುಸ್ತಕವನ್ನು 1656ರಲ್ಲಿ ವಿಯೆನ್ನಾದಲ್ಲಿ ಪ್ರಕಟಿಸಿದರು; ಚೀನೀ ವೈದ್ಯವನ್ನು ಯುರೋಪಿಗೆ ಪರಿಚಯಿಸಲು ಶ್ರಮಿಸಿದರು. ಅದೇ ಸಭೆಯ ಗುರು ದ್ಯೂ ಹಾಲ್ದ್ ಅವರು 1735ರಲ್ಲಿ ಪ್ಯಾರಿಸ್‌ನಲ್ಲಿ ಹೊರತಂದ ಚೀನಾ ವರ್ಣನೆಯಲ್ಲಿ ಲೀ ಷಿಜೆನ್ ಅವರ ಗ್ರಂಥದ ಆಯ್ದ ಭಾಗಗಳು ಫ್ರೆಂಚ್ ಭಾಷೆಯಲ್ಲಿ ಕಾಣಿಸಿಕೊಂಡವು. 2011ರಲ್ಲಿ ಯುನೆಸ್ಕೋ ಈ ಗ್ರಂಥವನ್ನು ಜಗತ್ತಿನ ಸ್ಮೃತಿ ಎಂಬ ತನ್ನ ಪಟ್ಟಿಗೆ ಸೇರಿಸಿತು. ಪರಮತಗಳಲ್ಲಿರುವ ಸತ್ಯವಾದುದನ್ನೂ ಪವಿತ್ರವಾದುದನ್ನೂ ಧರ್ಮಸಭೆ ತಿರಸ್ಕರಿಸದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಆ ಮನೋಭಾವದ ಬೀಜ ಈ ಗುರುಗಳ ದುಡಿಮೆಯಲ್ಲಿಯೇ ಇತ್ತು.

ಹಳೆಯ ಒಡಂಬಡಿಕೆಯ ಸಿರಾಖನ ಗ್ರಂಥದ 38ನೆಯ ಅಧ್ಯಾಯ ವೈದ್ಯರನ್ನು ಗೌರವಿಸಲು ಬೋಧಿಸುತ್ತದೆ. ಔಷಧಿಗಳು ಮಣ್ಣಿನಿಂದ ದೇವರು ಹುಟ್ಟಿಸಿದವೆಂದು ನೆನಪಿಸುತ್ತದೆ. ಮಾರಾ ಎಂಬಲ್ಲಿ ಕಹಿನೀರನ್ನು ಕುಡಿಯಲಾರದೆ ಇಸ್ರಯೇಲರು ಗೊಣಗಿದಾಗ ಮೋಶೆ ಒಂದು ಮರದ ತುಂಡನ್ನು ಹಾಕಿ ಅದನ್ನು ಸಿಹಿಯಾಗಿಸಿದ ಘಟನೆಯನ್ನೂ ಅದೇ ಅಧ್ಯಾಯ ಸ್ಮರಿಸುತ್ತದೆ. ಕಹಿಯನ್ನು ಸಿಹಿ ಮಾಡುವ ಗುಣವನ್ನು ಬೇರಿಗಿತ್ತವರು ದೇವರು. ಅದು ಯಾವ ಬೇರು, ಯಾರಿಗೆ, ಎಷ್ಟು ಎಂಬುದನ್ನು ತಪ್ಪಿಲ್ಲದೆ ಅರಿಯುವ ಹೊಣೆಯನ್ನು ಅವರು ಮನುಷ್ಯನಿಗೆ ಬಿಟ್ಟಿದ್ದಾರೆ. ಲೀ ಷಿಜೆನ್ ಆ ಹೊಣೆಯನ್ನು 26 ವರ್ಷ ಹೊತ್ತರು.

ಪ್ರಿಯ ಓದುಗರೇ, ನಮ್ಮ ಕುಟುಂಬಗಳಲ್ಲಿಯೂ ಧರ್ಮಕೇಂದ್ರಗಳಲ್ಲಿಯೂ ಸಿಹಿಮಾತಿಗೆ ಬರಗಾಲವಿಲ್ಲ. ಜಗಳ ಬೇಡವೆಂದು ತಪ್ಪನ್ನು ತಪ್ಪೆನ್ನದೆ ಬಿಡುವ ಸಿಹಿಯೇ ಹೆಚ್ಚು. ಅತಿಯಾದ ಜ್ಯೇಷ್ಠಮಧುವಿನಂತೆ ಅದು ಒಳಗೊಳಗೇ ಒತ್ತಡವನ್ನು ಏರಿಸುತ್ತದೆ. ಸತ್ಯವನ್ನು ಹೇಳುವವರೂ ಇದ್ದಾರೆ. ಆದರೆ ಉಗ್ರ ಮದ್ದನ್ನು ಹದಮಾಡದೆ ಕುಡಿಸುವವರಂತೆ ಹೇಳುತ್ತಾರೆ. ಎರಡನ್ನೂ ಅಳತೆಯಲ್ಲಿ ಬೆರೆಸಲು ಬಲ್ಲವರು ಬೇಕಾಗಿದ್ದಾರೆ. ಲೀ ಷಿಜೆನ್ ತಮ್ಮ ಹುಟ್ಟೂರಿನ ಮಳೆಕೆರೆಯೆಂಬ ಸರೋವರದ ಬಳಿ, ತಂದೆತಾಯಿಯರ ಸಮಾಧಿಯ ಸಮೀಪದಲ್ಲಿ ಮಲಗಿದ್ದಾರೆ. ಈ ಸಲ ಸಂತ ಲೂಕರ ಹಬ್ಬದ ಬಲಿಪೂಜೆಯಲ್ಲಿ ವೈದ್ಯರಿಗಾಗಿ ಪ್ರಾರ್ಥಿಸುವಾಗ, ಹೆಸರು ತಪ್ಪದಂತೆ, ಅಳತೆ ಮೀರದಂತೆ ಔಷಧಿ ಕೊಡುವ ಪ್ರತಿಯೊಬ್ಬರನ್ನೂ, ಔಷಧದಂಗಡಿಯಲ್ಲಿ ಚೀಟಿಯನ್ನು ಎರಡೆರಡು ಬಾರಿ ಓದುವವರನ್ನೂ, ರಾತ್ರಿಪಾಳಿಯ ದಾದಿಯರನ್ನೂ ನೆನೆಯೋಣ. ಅವರೊಡನೆ ಈ ಚೀನೀ ವೈದ್ಯರನ್ನೂ ಕೃತಜ್ಞತೆಯಿಂದ ನೆನೆಯೋಣ.